ಭೇಟಿ ಆದೇಶ ಇದ್ದರೂ ಮಗಳನ್ನು ಕಳಿಸುತ್ತಿಲ್ಲ

ಪ್ರಶ್ನೆ: ತಿಂಗಳಿಗೆ ಎರಡು ಭಾನುವಾರ ಮಗಳನ್ನು ನೋಡಲು ಕಲಬುರಗಿಯ ಕೌಟುಂಬಿಕ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿದೆ. ಹೆಂಡತಿ ಪ್ರತಿಸಲ ನೆಪ ಹೇಳುತ್ತಾಳೆ. ಜೀವನಾಂಶ ನಿಲ್ಲಿಸಬಹುದೇ?
– ಓದುಗರು, ಆಳಂದ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಜೀವನಾಂಶ ಬೇರೆ, ಭೇಟಿ ಬೇರೆ. ನಿಲ್ಲಿಸಿದರೆ ಬಾಕಿ ವಸೂಲಿ ಅರ್ಜಿ ನಿಮ್ಮ ಮೇಲೆಯೇ ಬರುತ್ತದೆ, ನಿಮ್ಮ ನ್ಯಾಯವಾದ ಮಾತಿಗೂ ಬೆಲೆ ಹೋಗುತ್ತದೆ.

ಮೊದಲು ಆದೇಶದ ದೃಢೀಕೃತ ಪ್ರತಿ ಪಡೆದು ಓದಿ. ದಿನ, ಗಂಟೆ, ಜಾಗ, ಮಗುವನ್ನು ಕರೆತರುವವರು ಯಾರು, ಇಷ್ಟೂ ಅದರಲ್ಲಿರಬೇಕು. ಹೆಚ್ಚಿನ ಜಗಳ ಹುಟ್ಟುವುದೇ ‘ಅನುಕೂಲದಂತೆ’ ಎಂಬಂಥ ಸಡಿಲ ಮಾತಿನಿಂದ; ಹಾಗಿದ್ದರೆ ಸ್ಪಷ್ಟನೆ ಕೋರಿ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಪ್ರತಿ ಭಾನುವಾರ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರಿ, ‘ಬಂದಿದ್ದೇನೆ’ ಎಂದು ವಾಟ್ಸಾಪ್ ಮಾಡಿ, ಉತ್ತರವನ್ನು ಅಳಿಸಬೇಡಿ. ಮಗುವಿಗೆ ನಿಜಕ್ಕೂ ಜ್ವರವಿದ್ದರೆ ಜಗಳ ಬೇಡ, ಬದಲಿ ದಿನ ಕೇಳಿ.

ತಪ್ಪಿದ ತಾರೀಖುಗಳ ಪಟ್ಟಿಯೊಂದಿಗೆ, ಆದೇಶ ಪಾಲಿಸುವಂತೆಯೂ ಬದಲಿ ದಿನಗಳಿಗಾಗಿಯೂ ಅದೇ ಪ್ರಕರಣದಲ್ಲಿ ಅರ್ಜಿ ಸಲ್ಲಿಸಿ. ಅಂತಿಮ ಆದೇಶವಾದ ಮೇಲಾದರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿಗೆ ತರುವಂತೆ ಕೋರುವ ಅರ್ಜಿ, ಹಾಕಬೇಕು. ಶಾಲೆಯಿಂದ ಮಗುವನ್ನು ನೇರ ಕರೆದೊಯ್ಯುವುದು ಮಾತ್ರ ಬೇಡವೇ ಬೇಡ: ಇದ್ದ ಭೇಟಿಗೂ ಕುತ್ತು. ವಕೀಲರ ಖರ್ಚು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100.