ಕತ್ತಲಲ್ಲಿ ಯಾಕೆ ತಿಂತೀಯ?

ಈ ವಾರದ ಪತ್ರಗಳಲ್ಲಿ ಒಂದನ್ನ ಓದಿದ ರಾತ್ರಿ ನನಗೆ ಊಟ ಸೇರ್ಲಿಲ್ಲ. ಎಂಎಸ್ಸಿ ಕೆಮಿಸ್ಟ್ರಿ ಹುಡುಗಿ, ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿದ್ದಾಳೆ, ಎರಡು ವಾರದಿಂದ ರಂಜಾನ್ ರೋಜಾ ಇಟ್ಟಿದ್ದಾಳೆ, ಆದ್ರೆ ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಮೆಸ್‌ಗೆ ಯಾಕ್ ಬರ್ಲಿಲ್ಲ ಅಂದ್ರೆ "ಡಯೆಟ್" ಅಂತಾಳೆ, ಖರ್ಜೂರದ ಡಬ್ಬಿ ಬಟ್ಟೆ ಬಕೆಟ್ ಅಡಿಯಲ್ಲಿ, ಬೆಳಗಿನ ಜಾವ 4.30ಕ್ಕೆ ಲೈಟ್ ಹಾಕದೆ ಬಿಸ್ಕೆಟ್ ತಿಂದು ಸಹರಿ ಮುಗಿಸ್ತಾಳೆ. 2022ರ ಹಿಜಾಬ್ ಗಲಾಟೆ ಟೈಮಲ್ಲಿ ಪಿಯು ಓದ್ತಿದ್ದವಳು, ಕಾಲೇಜ್ ಗೇಟ್ ಹತ್ರ ನಿಂತ ನೆನಪು ಇನ್ನೂ ಹೋಗಿಲ್ಲ. ಹಾಸ್ಟೆಲ್ ಬಿಟ್ಟು 14 ಕಿಲೋಮೀಟರ್ ದೂರದ ಚಿಕ್ಕಮ್ಮನ ಮನೆಗೆ ಹೋಗ್ಲಾ ಅಂತ ಕೇಳಿದ್ದಾಳೆ.

ಪತ್ರದ ಕೊನೆಯಲ್ಲಿ ಒಂದು ಸಾಲಿದೆ ನೋಡು. "ಒಂದಿನ ರೂಮ್‌ಮೇಟ್ ಎದ್ದು ಲೈಟ್ ಹಾಕಿ, ಕತ್ತಲಲ್ಲಿ ಯಾಕೆ ತಿಂತೀಯ ಅಂದು ಮತ್ತೆ ಮಲಗಿದ್ಲು, ಅದಿರ್ಲಿ." ಅದು ಹೇಗಮ್ಮಾ ಇರುತ್ತೆ? ನಿನ್ನ ರೂಮ್‌ಮೇಟ್‌ಗೆ ಎಲ್ಲ ಗೊತ್ತು, ಗೊತ್ತಿದ್ದೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ರೋಜಾ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ, ಕೇಳಿದ್ದು ಕತ್ತಲಿನ ಬಗ್ಗೆ.

ನನಗೆ ಸಿಟ್ಟು ಬಂದಿರೋದು ನಿನ್ನ ಆ ಸೀನಿಯರ್ ಮೇಲೆ. "ಇಲ್ಲಿ ರೋಜಾ ಗೀಜಾ ಅಂತ ಯಾರಿಗೂ ಹೇಳ್ಬೇಡ" ಅಂತ ಮೊದಲ ದಿನಾನೇ ಕಿವಿ ಊದಿದವಳು. ಅವಳೂ ನಿಮ್ಮವಳೇ, ಏನೋ ಅನುಭವಿಸಿಯೇ ಹೇಳಿರ್ತಾಳೆ, ಆದ್ರೂ ತನ್ನ ಹೆದರಿಕೆನ ಹೊಸದಾಗಿ ಬಂದ ಹುಡುಗಿ ತಲೆಗೆ ಕಟ್ಟಿದ್ದು ತಪ್ಪು. ಈ ವರ್ಷ ಶಿವರಾತ್ರಿ ಆಗಿ ವಾರದೊಳಗೇ ರಂಜಾನ್ ಶುರುವಾಯ್ತು, ಶಿವರಾತ್ರಿ ಉಪವಾಸದವರಿಗೆ ಮೆಸ್‌ನಲ್ಲಿ ಅವಲಕ್ಕಿ, ಹಣ್ಣು ಎತ್ತಿಟ್ಟಿದ್ರು ಅಂತ ನೀನೇ ಬರೆದಿದೀಯ. ಅವರು ಕೇಳಿದ್ರು, ಸಿಕ್ತು. ನೀನು ಕೇಳದೇ ಇದ್ರೂ ಕ್ಯಾಲೆಂಡರ್ ನೋಡಿ ಮೆಸ್ ಕಮಿಟಿಗೆ ಹೊಳೀಬೇಕಿತ್ತು, ಅದನ್ನೂ ಒಪ್ತೀನಿ.

ಹಿಂದೇನೂ ಬರೆದಿದೀನಿ, ಓದೋ ಜಾಗ ನಮ್ಮದು ಅನ್ಸೋದು ಊಟದ ಪಂಕ್ತಿಯಲ್ಲಿ. ವಾರಾನ್ನ ಉಂಡು ಓದಿದ ಹಿರಿಯರನ್ನ ಕೇಳು, ಸಿದ್ಧಗಂಗೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳ ಜೊತೆ ಕೂತು ಉಂಡವರನ್ನ ಕೇಳು, ಪಾಠ ಮರೆತಿರ್ತಾರೆ, ಪಕ್ಕದಲ್ಲಿ ಕೂತಿದ್ದವರ ಹೆಸರು ಹೇಳ್ತಾರೆ.

ಚಿಕ್ಕಮ್ಮನ ಮನೆ ವಿಷಯ ಹಬ್ಬ ಮುಗಿಯೋವರೆಗೂ ಬೇಡ. ಲ್ಯಾಬ್ 5.30ಕ್ಕೆ ಮುಗಿಯುತ್ತೆ ಅಂದಿದೀಯ, ಇಫ್ತಾರ್‌ಗೆ ಟೈಮಿದೆ. ಇವತ್ತೇ ಆ ಡಬ್ಬಿನ ಬಕೆಟ್ ಅಡಿಯಿಂದ ತೆಗೆದು ಮೇಜಿನ ಮೇಲಿಡು, ರೂಮ್‌ಮೇಟ್‌ನ ಕರಿ, ಮೊದಲನೇ ಖರ್ಜೂರ ನೀನು ತಿಂದು ಎರಡನೇದು ಅವಳ ಕೈಗೆ ಕೊಡು. ಅವಳು ಏನಂದ್ಲು ಅಂತ ನನಗೆ ಬರಿ.