ಉದ್ದಕ್ಕೆ ಸೀಳಿದ ಹೊಲ: ಹಳೆಯ ಪಾಲುಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ: ತಾತ ತೀರಿಕೊಂಡ ಮೇಲೆ 1948ರಲ್ಲಿ ಅವರ ನಾಲ್ವರು ಗಂಡುಮಕ್ಕಳು ಮಾಡಿಕೊಂಡ ಪಾಲುಪಟ್ಟಿ ನಮ್ಮಲ್ಲಿದೆ. ಊರು ತುಮಕೂರು ಜಿಲ್ಲೆ. 6 ಎಕರೆಯ ಒಂದೇ ಹೊಲವನ್ನು ಉದ್ದಕ್ಕೆ ನಾಲ್ಕು ಪಟ್ಟೆ ಸೀಳಿದ್ದಾರೆ. ಬೇರೆ ಹೊಲಗಳೂ ಇದ್ದವು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಮುಗಿಸಬಹುದಿತ್ತಲ್ಲ?

ಕೊಡಬಹುದಿತ್ತು, ಆದರೆ ಪಾಲು ಮಾಡಿಸುವ ಊರ ಹಿರಿಯರು, ಅಂದರೆ ಪಂಚರು, ಒಪ್ಪುತ್ತಿರಲಿಲ್ಲ. ಅವರು ಹಂಚುತ್ತಿದ್ದದ್ದು ಎಕರೆಯನ್ನಲ್ಲ, ಮಣ್ಣು ಮತ್ತು ನೀರನ್ನು. ಇಳಿಜಾರಿನ ಹೊಲದಲ್ಲಿ ಮೇಲ್ಗಡೆ ಗರಸು ಮಣ್ಣು, ಕೆಳಗಡೆ ಕೊಚ್ಚಿ ಬಂದು ನಿಂತ ಮೆಕ್ಕಲು. ಮಳೆ ಕೈಕೊಟ್ಟ ವರ್ಷ ಕೆಳಗಿನ ತುದಿ ಬೆಳೆಯುತ್ತದೆ. ಜಡಿಮಳೆ ಹಿಡಿದ ವರ್ಷ ಅಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ, ಮೇಲಿನದು ಉಳಿಯುತ್ತದೆ. ಅಡ್ಡಕ್ಕೆ ಕತ್ತರಿಸಿದ್ದರೆ ಒಬ್ಬನಿಗೆ ಬರೀ ಗರಸು, ಇನ್ನೊಬ್ಬನಿಗೆ ಬರೀ ಮೆಕ್ಕಲು ಸಿಗುತ್ತಿತ್ತು. ಉದ್ದಕ್ಕೆ ಸೀಳಿದರೆ ನಾಲ್ವರಿಗೂ ಎರಡೂ ಸಿಗುತ್ತವೆ. ಉದ್ದದ ಪಟ್ಟೆಯಲ್ಲಿ ನೇಗಿಲು ತಿರುಗಿಸುವ ಸಲವೂ ಕಡಿಮೆ. ತೂಬಿನ ಕೆಳಗಿನ ಗದ್ದೆಗೂ ಇದೇ ಲೆಕ್ಕ: ಕಾಲುವೆಯ ಬಾಯಿ ಒಬ್ಬನಿಗೆ, ಬಾಲ ಮತ್ತೊಬ್ಬನಿಗೆ ಎಂದಾಗಬಾರದು.

ಅಳತೆಯನ್ನೇ ನೋಡಿ. ಸರ್ವೆಯ ಸರಪಳಿ 33 ಅಡಿ. 33 ಅಡಿ ಚೌಕ ಅಂದರೆ 1 ಗುಂಟೆ, 40 ಗುಂಟೆಗೆ 1 ಎಕರೆ. ನಿಮ್ಮ ಹೊಲ 20 ಸರಪಳಿ ಉದ್ದ, 12 ಸರಪಳಿ ಅಗಲ ಇತ್ತೆಂದುಕೊಳ್ಳಿ. 240 ಗುಂಟೆ, ಅಂದರೆ 6 ಎಕರೆ. ನಾಲ್ಕು ಪಟ್ಟೆಗೆ ತಲಾ 3 ಸರಪಳಿ ಅಗಲ, 1 ಎಕರೆ 20 ಗುಂಟೆ. ಅಲ್ಲಿಯವರೆಗೆ ಚೆನ್ನ. ಮುಂದಿನ ತಲೆಮಾರಿನಲ್ಲಿ ಮೂವರು ಮಕ್ಕಳಾದರೆ ಒಬ್ಬೊಬ್ಬನಿಗೆ 33 ಅಡಿ ಅಗಲದ, 660 ಅಡಿ ಉದ್ದದ ಓಣಿ ಉಳಿಯುತ್ತದೆ. ಪಟ್ಟೆಗೊಂದು 3 ಅಡಿ ಬದು ಹಾಕಿದರೆ 20 ಗುಂಟೆಯಲ್ಲಿ ಹತ್ತಿರ ಹತ್ತಿರ 2 ಗುಂಟೆ ಬದುವಿಗೇ ಹೋಯಿತು. ಮೊದಲ ತಲೆಮಾರಿಗೆ ನ್ಯಾಯವಾದದ್ದು ಮೂರನೆಯದಕ್ಕೆ ಕುತ್ತು. ಇದಕ್ಕೆ ಪಂಚರನ್ನು ದೂರುವುದು ಸರಿಯಲ್ಲ. ಅವರ ಮುಂದೆ ಕೂತಿದ್ದವರು ನಾಲ್ವರೇ.

ಪಾಲು ನಡೆಯುತ್ತಿದ್ದ ಕ್ರಮ ತಿಳಿದರೆ ಪತ್ರದ ಉಳಿದ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಪಂಚಾಯ್ತಿ ಸೇರುತ್ತಿತ್ತು, ಏಕೆಂದರೆ ಪೈರು ನಿಂತಿದ್ದರೆ ಅದಕ್ಕೇ ಇನ್ನೊಂದು ಜಗಳ. ಮೊದಲು ಸಾಲದ ಪಟ್ಟಿ. ಸಾಲ ಹಂಚಿಕೊಳ್ಳದೆ ಆಸ್ತಿ ಮಾತ್ರ ಹಂಚಿಕೊಂಡ ಮನೆಗಳಲ್ಲಿ ಸಾಹುಕಾರ ಕೈಲಾಗುವವನ ಬಾಗಿಲಿಗೇ ಬರುತ್ತಿದ್ದ. ಆಮೇಲೆ ಎತ್ತಿಡುವ ಬಾಬತ್ತು: ಮದುವೆಯಾಗದ ತಮ್ಮ ತಂಗಿಯರ ಖರ್ಚು, ತಾಯಿಯ ಜೀವನಾಂಶ, ಮನೆದೇವರ ಪೂಜೆ. ಹೆಂಗಸರು ತವರಿಂದ ತಂದ ಒಡವೆ, ಪಾತ್ರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಉಳಿದದ್ದನ್ನು ತರಿ (ನೀರಾವರಿ ಗದ್ದೆ), ಖುಷ್ಕಿ (ಮಳೆಯಾಶ್ರಿತ ಹೊಲ), ಬಾಗಾಯ್ತು (ತೋಟ) ಎಂದು ವಿಂಗಡಿಸಿ ಪಾಲುಗಳ ಕಟ್ಟು ಮಾಡುತ್ತಿದ್ದರು. ಒಂದು ಕಟ್ಟು ಸ್ವಲ್ಪ ಸೊರಗಿದರೆ ಅದಕ್ಕೊಂದು ಎಮ್ಮೆಯನ್ನೋ ನಗದನ್ನೋ ಸೇರಿಸಿ ಸರಿದೂಗಿಸುವುದು. ಹಿರಿಯನಿಗೆ ಹಿರೇಪಾಲೆಂದು ಒಂದು ಹಸುವೋ ತುಂಡು ನೆಲವೋ ಹೆಚ್ಚಿಗೆ ಕೊಡುವ ರೂಢಿ ಕೆಲವೆಡೆ ಇತ್ತು, ಎಲ್ಲೆಡೆ ಅಲ್ಲ.

ಕೊನೆಗೆ ಚೀಟಿ. ಕಟ್ಟುಗಳ ಹೆಸರು ಬರೆದು, ಮಡಚಿ, ಚೊಂಬಿಗೆ ಹಾಕಿ, ಏನೂ ಅರಿಯದ ಮಗುವಿನ ಕೈಲಿ ಎತ್ತಿಸುವುದು. ಇಲ್ಲವೇ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಎರಡನೆಯದೇ ಜಾಣತನದ್ದು: ತನಗೆ ಕೊನೆಯದು ಉಳಿಯುತ್ತದೆಂದು ಗೊತ್ತಿರುವವನು ತಕ್ಕಡಿ ವಾಲಿಸಲಾರ.

ಪತ್ರದಲ್ಲಿ ಈಗ ಹುಡುಕಬೇಕಾದದ್ದು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ. ‘ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ದಾರಿ’ ಎಂದಿದ್ದು ಮರ ಕಡಿದುಹೋಗಿದ್ದರೆ ತಕರಾರು ಶುರು. ಬರೆದ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಯೇ ಗೆಲ್ಲುತ್ತದೆ. ಗಡಿಯ ಗುರುತುಗಳಲ್ಲಿ ಇದ್ದಿಲು, ಹೊಟ್ಟು, ಮರ, ಹುತ್ತಗಳನ್ನು ಯಾಜ್ಞವಲ್ಕ್ಯ ಸ್ಮೃತಿ ಹೆಸರಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಅದರದ್ದೇ ವ್ಯಾಖ್ಯಾನ. ಇದ್ದಿಲು ಯಾಕೆ? ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಮೇಲಿನ ಕಲ್ಲನ್ನು ಯಾರಾದರೂ ರಾತ್ರೋರಾತ್ರಿ ಸರಿಸಿದರೂ ಅಗೆದರೆ ಕರಿ ಸಿಗುತ್ತದೆ.

ಬಾವಿ, ಕಣ, ತಿಪ್ಪೆಗುಂಡಿ, ಗಾಡಿದಾರಿ ‘ಜಂಟಿ’ ಎಂದು ಬರೆದಿದೆಯೇ ನೋಡಿ. ಬಾವಿಗೆ ‘ಸರದಿ’ ಎಂದಷ್ಟೇ ಬರೆದು ಯಾರಿಗೆ ಎಷ್ಟು ದಿನ ಎಂದು ಬರೆಯದ ಪತ್ರಗಳೇ ಹೆಚ್ಚು. ದಾರಿ ಬಿಟ್ಟುಹೋಗಿದ್ದರೆ ಗಾಬರಿ ಬೇಡ: ಪಾಲಾದ ಜಮೀನಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಉಳಿದ ಪಾಲಿನ ಮೇಲೆ ಹಾಯುವ ಹಕ್ಕನ್ನು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 13ನೇ ಕಲಂ ಕೊಡುತ್ತದೆ.

ಪ್ರಶ್ನೆ: ಅದೇ ಪತ್ರದಲ್ಲಿ ಅಜ್ಜಿಗೆ ‘ಜೀವನಾಂಶಕ್ಕೆ 20 ಗುಂಟೆ’ ಎಂದಿದೆ. ಅವರು 1962ರಲ್ಲಿ ತೀರಿಕೊಂಡರು. ಅತ್ತೆಯಂದಿರ ಹೆಸರೇ ಇಲ್ಲ. ಹೆಣ್ಣುಮಕ್ಕಳಿಗೆ ಆಗ ಏನೂ ಇರಲಿಲ್ಲವೇ?

ಮದುವೆಯಾಗಿ ಹೋದವರಿಗೆ ಇರಲಿಲ್ಲ. ಆದರೆ ನಿಮ್ಮ ಜಿಲ್ಲೆ ಆಗ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಇತ್ತು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ, ಮದುವೆಯಾಗದ ತಂಗಿಗೆ ಕಾಲು. ನಾಲ್ವರು ಗಂಡುಮಕ್ಕಳು, ತಾಯಿ, ಮದುವೆಯಾಗದ ಒಬ್ಬಳು ಮಗಳು ಇದ್ದರೆ ಆಸ್ತಿಯನ್ನು 19 ಭಾಗ ಮಾಡಬೇಕು: ಗಂಡುಮಕ್ಕಳಿಗೆ ತಲಾ 4, ತಾಯಿಗೆ 2, ಮಗಳಿಗೆ 1. ಕಾಗದದ ಮೇಲೆ ಹೀಗೆ. ಪಂಚಾಯ್ತಿಗಳಲ್ಲಿ ಮಗಳ ಭಾಗ ‘ಮದುವೆ ಖರ್ಚು’ ಎಂಬ ಸಾಲಾಗಿ, ತಾಯಿಯದು ‘ಜೀವನಾಂಶ’ ಎಂದಾಗಿ ಕರಗುತ್ತಿತ್ತು. ನಿಮ್ಮ ಪತ್ರದಲ್ಲೂ ಆಗಿರುವುದು ಬಹುಶಃ ಅದೇ.

ಆ 20 ಗುಂಟೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ‘ಅವರ ನಂತರ ಹಿರಿಯ ಮಗನಿಗೆ’ ಎಂದು ಬರೆದಿದ್ದರೂ, 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದಾಗ ಅದು ಅಜ್ಜಿಯ ಸ್ವಾಧೀನದಲ್ಲಿದ್ದರೆ 14ನೇ ಕಲಮಿನಂತೆ ಅವರ ಪೂರ್ಣ ಒಡೆತನಕ್ಕೆ ಬಂದಿರುತ್ತದೆ. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿಗೆ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1977ರ ತುಳಸಮ್ಮ ಪ್ರಕರಣದಲ್ಲಿ ಹೇಳಿದೆ. ಅಂದಮೇಲೆ, ಅವರು ಅದನ್ನು ಯಾರಿಗೂ ಬರೆದುಕೊಟ್ಟಿರದಿದ್ದರೆ, 1962ರಲ್ಲಿ ಗಂಡುಮಕ್ಕಳ ಜೊತೆ ನಿಮ್ಮ ಅತ್ತೆಯಂದಿರಿಗೂ ಅದರಲ್ಲಿ ಸಮಪಾಲು ಹುಟ್ಟಿತು. ಖಾತೆ ದೊಡ್ಡಪ್ಪನ ಹೆಸರಿಗಿದ್ದರೂ ಅಷ್ಟೇ.

ಪ್ರಶ್ನೆ: ನಮ್ಮದು ಬಿಳಿ ಕಾಗದದ ಪಾಲುಪಟ್ಟಿ, ರಿಜಿಸ್ಟರ್ ಆಗಿಲ್ಲ. ಬೆಲೆ ಇದೆಯೇ?

ಕ್ರಿಯಾಪದ ನೋಡಿ. ‘ಈ ದಿನ ಈ ಪತ್ರದ ಮೂಲಕ ಹಂಚಿಕೊಂಡಿರುತ್ತೇವೆ’ ಎಂದಿದ್ದು ಸ್ಥಿರಾಸ್ತಿಯ ಬೆಲೆ 100 ರೂಪಾಯಿ ಅಥವಾ ಮೇಲಿದ್ದರೆ ನೋಂದಣಿ ಕಾಯ್ದೆಯಂತೆ ಅದನ್ನು ರಿಜಿಸ್ಟರ್ ಮಾಡಿಸುವುದು ಕಡ್ಡಾಯವಾಗಿತ್ತು. ಇಲ್ಲದಿದ್ದರೆ ಹಕ್ಕಿನ ರುಜುವಾತಿಗೆ ಅದು ನಿಲ್ಲುವುದಿಲ್ಲ. ‘ಈ ಹಿಂದೆಯೇ ಪಂಚರ ಸಮಕ್ಷಮ ಬಾಯಿಮಾತಿನಲ್ಲಿ ಪಾಲಾಗಿ ಅನುಭವದಲ್ಲಿರುವುದನ್ನು ನೆನಪಿಗೆ ಬರೆದಿಟ್ಟಿದ್ದೇವೆ’ ಎಂದಿದ್ದರೆ ಮಾತು ಬೇರೆ. ಬಾಯಿಮಾತಿನ ಪಾಲು ಕಾನೂನುಬದ್ಧ, ಅದರ ನೆನಪಿನ ಪಟ್ಟಿಗೆ ನೋಂದಣಿ ಬೇಕಿರಲಿಲ್ಲ. ಬಲ್ಲ ಶಾನುಭೋಗರು ಎರಡನೆಯದನ್ನೇ ಬರೆಯುತ್ತಿದ್ದರು. ಕೆಳಗೆ ಪಂಚರ ರುಜು, ಹೆಬ್ಬೆಟ್ಟು, ‘ಬಿಕ್ಕಲಂ’ ಎಂಬ ಮಾತಿನ ಜೊತೆ ಪತ್ರ ಬರೆದುಕೊಟ್ಟವರ ಹೆಸರು ಇವೆಯೇ ನೋಡಿ.

ಆದರೆ ಮಗಳಿಗೂ ಮಗನಷ್ಟೇ ಪಾಲು ಕೊಟ್ಟ, ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಆಧಾರದಲ್ಲಿ ಹೆಣ್ಣುಮಕ್ಕಳು ಪಾಲು ಕೇಳಿದಾಗ ಬಾಯಿಮಾತಿನ ಪಾಲನ್ನು ಗುರಾಣಿ ಮಾಡಿಕೊಳ್ಳುವುದು ಸುಲಭವಲ್ಲ. ಸಾರ್ವಜನಿಕ ದಾಖಲೆಗಳು ಪಾಲನ್ನು ಕೊನೆಯವರೆಗೂ ಬೆಂಬಲಿಸಿದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಪಟ್ಟಿಯ ಜೊತೆಗೆ ಪ್ರತ್ಯೇಕ ಕಂದಾಯ ರಶೀದಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು, ಪೋಡಿಯಾಗಿದ್ದರೆ, ಅಂದರೆ ಪಾಲುಗಳನ್ನು ಸರ್ವೆಯಲ್ಲಿ ಬೇರೆ ಬೇರೆ ಅಳೆದು ಗುರುತಿಸಿದ್ದರೆ, ಆ ಪಾಲಿನ ಹಿಸ್ಸಾ ನಕ್ಷೆ ಕೂಡಿಸಿಡಿ.

ಪ್ರಶ್ನೆ: ಉಡುಪಿ ಕಡೆಯ ನಮ್ಮ ಮನೆತನದಲ್ಲಿ ಹಳೆಯ ಪಾಲುಪಟ್ಟಿಯೇ ಇಲ್ಲ. ಯಾಕೆ?

ಅಳಿಯಸಂತಾನದ, ಅಂದರೆ ಆಸ್ತಿ ಹೆಣ್ಣು ಸಂತತಿಯ ಮೂಲಕ ಇಳಿಯುವ ಕಟ್ಟಳೆಯ ಕುಟುಂಬವಾದರೆ ಇಲ್ಲದಿರುವುದೇ ಸಹಜ. ಎಲ್ಲರೂ ಒಪ್ಪದೆ ಯಾರೊಬ್ಬರೂ ಪಾಲು ಕೇಳುವಂತಿರಲಿಲ್ಲ. ಕವರು, ಅಂದರೆ ಒಬ್ಬಾಕೆ ಮತ್ತು ಹೆಣ್ಣು ಸಂತತಿಯ ಮೂಲಕ ಬಂದವರ ಗುಂಪು, ಪಾಲು ಕೇಳಬಹುದೆಂದಾದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ. ಪತ್ರ ಹುಡುಕುವುದಾದರೆ ಆ ವರ್ಷದಿಂದ ಈಚೆಗೆ ಹುಡುಕಿ.