ಕುಡಿತ ಬಿಡಲು ಮನೋಬಲವೊಂದೇ ಸಾಕೇ?

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮುನ್ನ ಕುಡಿತ ಬಿಡುತ್ತೇನೆಂದು ಅಣ್ಣ ಹಟ ಹಿಡಿದಿದ್ದಾರೆ, ಮನೋಬಲ ಸಾಕೇ ಎಂದು ಕೇಳಿದ್ದೀರಿ. ಸಾಲದು. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನಗಳಲ್ಲೇ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಜೀವಕ್ಕೇ ಅಪಾಯ. ದಯವಿಟ್ಟು ಮೊದಲು ಮಡಿಕೇರಿಯಲ್ಲಿ ಮನೋವೈದ್ಯರಿಗೆ ತೋರಿಸಿ. ಥಯಾಮಿನ್ (ವಿಟಮಿನ್ ಬಿ1), ನಡುಕ ತಗ್ಗಿಸುವ ಔಷಧ, ಆಮೇಲೆ ಅಗತ್ಯವಿದ್ದರೆ ಚಪಲ ಕುಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ಕೊಡುತ್ತಾರೆ. ಊಟದಲ್ಲಿ ಗುಟ್ಟಾಗಿ ಔಷಧ ಬೆರೆಸುವುದು ಮಾತ್ರ ಬೇಡವೇ ಬೇಡ.

ಚಪಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತು ತೋಟದಲ್ಲಿ ಅಡ್ಡಾಡಲಿ. ನಮ್ಮಲ್ಲಿ ನಿಜವಾದ ಕಷ್ಟ ಮದುವೆ ಮನೆಯದು: ಗ್ಲಾಸು ಕೈಗಿಡುವವರು ನೆಂಟರೇ. ‘ಡಾಕ್ಟರು ಬೇಡವೆಂದಿದ್ದಾರೆ’ ಎಂಬ ಮಾತನ್ನು ಮನೆಯಲ್ಲೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಸಿ, ಹೋದೊಡನೆ ಕೈಗೆ ನಿಂಬೆ ಶರಬತ್ತು ಕೊಡಿ. ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು.